ಪುಸ್ತಕದಲ್ಲಿ ಇಲ್ಲದ ವಾಲಗ: ಶಿಶುವಿಹಾರದ ಒಂದು ಪ್ರಕರಣ

ನಮ್ಮ ಶಿಶುವಿಹಾರದ ಬಚ್ಚಲಿಗೆ ಹೋಗದೆ ತಡೆದುಕೊಳ್ಳುತ್ತಿದ್ದ ಒಂದು ಮಗು, ಅವಳಿಗಾಗಿ ನಾನು ಹುಡುಕಿದ ಚಿತ್ರಪುಸ್ತಕಗಳು, ಇದು ಅದರ ಕಥೆ. ಈ ಮಗುವನ್ನು ಇಲ್ಲಿ ಚಿನ್ನಿ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಊರು, ವರ್ಷ, ಅಪ್ಪ ಅಮ್ಮನ ಕೆಲಸ, ಇವನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ. ಬರೆಯುವ ಮುಂಚೆ ಅವಳ ಅಮ್ಮನನ್ನು ಕೇಳಿದೆ. "ಬರೀರಿ ಮಿಸ್, ಇನ್ನೊಬ್ರ ಮಗೂಗೆ ಅನುಕೂಲ ಆಗ್ಲಿ" ಅಂದರು.

ಶುರು ಎಲ್ಲಿಂದ

ನಮ್ಮದು ಹಳೇ ಮೈಸೂರು ಕಡೆಯ ಸಣ್ಣ ಪಟ್ಟಣದ ಶಿಶುವಿಹಾರ. ಬಾಡಿಗೆ ಮನೆ. ಆ ವರ್ಷ ಮೂರರಿಂದ ಐದೂವರೆ ವರ್ಷದ 26 ಮಕ್ಕಳಿದ್ದರು. ನಾನು, ಇನ್ನೊಬ್ಬ ಟೀಚರ್, ಜೊತೆಗೆ ಮಕ್ಕಳೆಲ್ಲ ಆಯಮ್ಮ ಎಂದು ಕರೆಯುವ ಐವತ್ತು ದಾಟಿದ ಹೆಂಗಸು. ಕೆಲಸಕ್ಕೆ ಹೋಗುವ ತಾಯಂದಿರೇ ಜಾಸ್ತಿ. ಹಾಗಾಗಿ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆ ತನಕ ಮಕ್ಕಳು ನಮ್ಮ ಜೊತೆಗೇ ಇರುತ್ತಾರೆ.

ಕಪಾಟಿನಲ್ಲಿ ಸುಮಾರು 90 ಚಿತ್ರಪುಸ್ತಕಗಳಿವೆ. ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಚಿಲ್ಡ್ರನ್ಸ್ ಬುಕ್ ಟ್ರಸ್ಟ್‌ನ ಹಳೆಯವು, ಕನ್ನಡ ಇಂಗ್ಲಿಷ್ ಎರಡೂ ಇರುವ ತೂಲಿಕಾದವು, ಪ್ರಥಮ್ ಬುಕ್ಸ್‌ನ ತೆಳು ಪುಸ್ತಕಗಳು. 2015ರಲ್ಲಿ ಪ್ರಥಮ್ ಬುಕ್ಸ್ ಸ್ಟೋರಿವೀವರ್ ಶುರು ಮಾಡಿದ ಮೇಲೆ ನಮ್ಮಂಥವರಿಗೆ ತುಂಬ ಅನುಕೂಲವಾಯಿತು. ಅಲ್ಲಿಂದ ಕನ್ನಡ ಕಥೆಗಳನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಮಾಡಿಸಿ ಇಟ್ಟುಕೊಳ್ಳುತ್ತೇವೆ. ದಿನಾ ಊಟಕ್ಕೆ ಮುಂಚೆ ಒಂದು ಪುಸ್ತಕ ಓದಲೇಬೇಕು. ಇದು ನಮ್ಮಲ್ಲಿ ತಪ್ಪದ ಪದ್ಧತಿ.

ಚಿನ್ನಿ ಜೂನ್‌ನಲ್ಲಿ ಸೇರಿದಳು. ನಾಲ್ಕು ವರ್ಷ ಮೂರು ತಿಂಗಳು. ಮೊದಲ ವಾರವೂ ಅಳಲಿಲ್ಲ. ಹಾಡುತ್ತಿದ್ದಳು, ಡಬ್ಬಿ ಖಾಲಿ ಮಾಡುತ್ತಿದ್ದಳು, ಪಕ್ಕದವರ ಶೂ ಬಕಲ್ ಹಾಕಿಕೊಡುತ್ತಿದ್ದಳು. ಇಂಥ ಮಗುವಿಗೆ ಏನೋ ಕಷ್ಟ ಇರಬಹುದು ಎಂದು ನಮಗೆ ಹೊಳೆಯಲೇ ಇಲ್ಲ. ಅಳುವ ಮಕ್ಕಳ ಕಡೆಗೇ ನಮ್ಮ ಕಣ್ಣು ಹೋಗುತ್ತದಲ್ವಾ.

ಗಮನಿಸಿದ್ದು ಆಯಮ್ಮ. "ಈ ಹುಡ್ಗಿ ಒಂದಿನಾನೂ ಒಂದಕ್ಕೆ ಹೋಗಿಲ್ಲ ಮಿಸ್" ಎಂದು ಜೂನ್ ಕೊನೆಯಲ್ಲಿ ಹೇಳಿದರು. ನೀರಿನ ಬಾಟಲಿ ನೋಡಿದೆವು. ಮುಟ್ಟಿರಲೇ ಇಲ್ಲ. ಅಮ್ಮನಿಗೆ ಫೋನ್ ಮಾಡಿದರೆ ಅವರೂ ಅದನ್ನೇ ಹೇಳಬೇಕೆಂದಿದ್ದರಂತೆ. "ಮನೆಗೆ ಬಂದ ತಕ್ಷಣ ಬಚ್ಚಲಿಗೆ ಓಡ್ತಾಳೆ, ಚಪ್ಪಲೀನೂ ಬಿಡಲ್ಲ." ಅಂದರೆ ಆರು ಗಂಟೆ ಹೊತ್ತು ತಡೆದುಕೊಂಡಿದ್ದಾಳೆ. ನಾಲ್ಕು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಸುಮಾರು 150 ಮಿಲಿ ಲೀಟರ್, ಒಂದು ಸಣ್ಣ ಲೋಟದಷ್ಟು. ಎರಡು ಮೂರು ಗಂಟೆಗೊಮ್ಮೆಯಾದರೂ ಹೋಗಬೇಕಾದ ವಯಸ್ಸು. ತಡೆಯಲು ಆಗಲಿ ಎಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಇಷ್ಟು ಚಿಕ್ಕ ಮಗು ಒಬ್ಬಳೇ ಯೋಚಿಸಿ ಕಂಡುಕೊಂಡ ಉಪಾಯ ಅದು. ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಜುಲೈನಲ್ಲಿ ಮಧ್ಯಾಹ್ನ ಮಲಗಿದಾಗ ಒಂದೇ ವಾರ ಮೂರು ಸಲ ಚಾಪೆ ಒದ್ದೆಯಾಯಿತು. ಇಬ್ಬರು ಮಕ್ಕಳು "ಛೀ" ಅಂದರು. ಆಮೇಲೆ ಮಲಗುವುದನ್ನೂ ಬಿಟ್ಟು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಅದೇ ತಿಂಗಳ ಕೊನೆಗೆ ಜ್ವರ ಬಂತು. ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿ ಸೋಂಕು ಆಗಿದೆ ಎಂದರು. ಔಷಧ ಕೊಟ್ಟರು. ಚೆನ್ನಾಗಿ ನೀರು ಕುಡಿಸಿ, ಎರಡು ಗಂಟೆಗೊಮ್ಮೆ ಕಳಿಸಿ ಎಂದು ನಮಗೂ ಒಂದು ಚೀಟಿ ಬರೆದು ಕಳಿಸಿದರು.

ನಾವು ಮಾಡಿದ ತಪ್ಪುಗಳು

ಚೀಟಿಯಲ್ಲಿ ಇದ್ದ ಹಾಗೆ ಎರಡು ಗಂಟೆಗೊಮ್ಮೆ ಕೈ ಹಿಡಿದು ಕರೆದುಕೊಂಡು ಹೋದೆವು. ಬಾಗಿಲ ತನಕ ಬರುತ್ತಿದ್ದಳು. ಅಲ್ಲಿ ಮರದ ಕೊರಡಿನ ಹಾಗೆ ನಿಂತುಬಿಡುತ್ತಿದ್ದಳು. ಒಳಗೆ ಕಾಲಿಟ್ಟರೆ ಅಳು. "ಯಾಕಮ್ಮ ಭಯ?" ಎಂದು ಕೇಳಿದರೆ ತಲೆ ಅಲ್ಲಾಡಿಸುವುದು ಮಾತ್ರ. ಕತ್ತಲೆ ಭಯ ಇರಬಹುದು ಎಂದು ದೊಡ್ಡ ಬಲ್ಬ್ ಹಾಕಿಸಿದೆವು. ಜಿರಳೆ ಇರಬಹುದು ಎಂದು ಮೂಲೆ ಮೂಲೆ ತೊಳೆಸಿದೆವು. ಎಲ್ಲವೂ ನಮ್ಮದೇ ಊಹೆ.

ಆಮೇಲೆ ನಕ್ಷತ್ರದ ಚಾರ್ಟ್ ಹಾಕಿದೆವು. ಒಂದಕ್ಕೆ ಹೋಗಿ ಬಂದವರಿಗೆ ಒಂದು ಸ್ಟಿಕ್ಕರ್. 25 ಹೆಸರುಗಳ ಮುಂದೆ ನಕ್ಷತ್ರ ತುಂಬಿತು, ಒಂದು ಹೆಸರಿನ ಮುಂದೆ ಖಾಲಿ. ಆರನೇ ದಿನ ಅದನ್ನು ಕಿತ್ತು ಹಾಕಿದೆ. ಹಾಕಲೇಬಾರದಿತ್ತು.

ಆಗ ಪುಸ್ತಕದ ಯೋಚನೆ ಬಂತು. ಮಕ್ಕಳ ದಿನನಿತ್ಯದ ಕಷ್ಟಗಳ ಬಗ್ಗೆ ಈಗ ಚಿತ್ರಪುಸ್ತಕಗಳು ಬೇಕಾದಷ್ಟಿವೆ. ಶಾಲೆಯ ಮೊದಲ ದಿನ, ಹೊಸ ತಮ್ಮ, ಕತ್ತಲು, ಹಲ್ಲುಜ್ಜುವುದು, ಕೋಪ, ಹಂಚಿ ತಿನ್ನುವುದು. ಪಾಯಿಖಾನೆಗೆ ಹೋಗುವ ಬಗ್ಗೆಯೂ ಹುಡುಕಿ ಎರಡು ತರಿಸಿದೆ, ಇಂಗ್ಲಿಷಿನವು. ಓದುತ್ತಾ ಕನ್ನಡದಲ್ಲಿ ಹೇಳಿದೆ. ಚಿತ್ರಗಳಲ್ಲಿ ಬಿಳಿ ಪಿಂಗಾಣಿ ಕಮೋಡ್, ಕಾಲಿಗೆ ಮೆತ್ತನೆ ಮ್ಯಾಟ್, ಸುರುಳಿ ಕಾಗದ. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗನೊಬ್ಬ ಎದ್ದು ಬಂದು ಚಿತ್ರದ ಮೇಲೆ ಬೆರಳಿಟ್ಟು, "ಮಿಸ್, ಚೊಂಬು ಎಲ್ಲಿ?" ಎಂದು ಕೇಳಿದ.

ಅವನು ಕೇಳಿದ್ದು ಸರಿಯಾಗಿತ್ತು. ನಮ್ಮಲ್ಲಿರುವುದು ಕುಕ್ಕರಗಾಲಲ್ಲಿ ಕೂರುವ ನೆಲದ ಪಾಯಿಖಾನೆ, ನೀಲಿ ಬಕೆಟ್, ಹಿಡಿ ಮುರಿದ ಮಗ್, ತೊಟ್ಟಿಕ್ಕುವ ನಲ್ಲಿ. ಪುಸ್ತಕದ ಮಗು ಹೋಗುವ ಜಾಗಕ್ಕೂ ನಮ್ಮ ಮಕ್ಕಳು ಹೋಗುವ ಜಾಗಕ್ಕೂ ಸಂಬಂಧವೇ ಇರಲಿಲ್ಲ. ಅಮ್ಮನನ್ನು ಬಿಟ್ಟು ಬರುವ ಅಳು ಎಲ್ಲ ಕಡೆ ಒಂದೇ, ಆ ಪುಸ್ತಕ ಯಾವ ದೇಶದ್ದಾದರೂ ನಡೆಯುತ್ತದೆ. ಬಚ್ಚಲಿನ ಪುಸ್ತಕ ಹಾಗಲ್ಲ. ಅಲ್ಲಿ ಮಗು ನೋಡುವುದು ವಸ್ತುಗಳನ್ನು.

ಹಾಗಾದರೆ ನಾನೇ ಬರೆಯುತ್ತೇನೆ ಎಂದು ಕೂತೆ. ಈ ಪ್ರಕರಣದಲ್ಲಿ ನನ್ನ ದೊಡ್ಡ ತಪ್ಪು ಇದೇ. ಎಂಟು ಪುಟದ ಪುಸ್ತಕ ಮಾಡಿದೆ. ಎರಡು ಜಡೆ, ಕೆಂಪು ರಿಬ್ಬನ್ ಹಾಕಿದ ಒಬ್ಬ ಹುಡುಗಿ. ಅವಳಿಗೆ ಶಾಲೆಯ ಬಚ್ಚಲೆಂದರೆ ಭಯ. ಒಂದು ದಿನ ಧೈರ್ಯ ಮಾಡಿ ಹೋಗುತ್ತಾಳೆ, ಹೊರಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನೀಲಿ ಬಕೆಟ್ಟು, ಮಗ್ಗು ಎಲ್ಲ ನಮ್ಮದೇ. ಮುತುವರ್ಜಿಯಿಂದ ಬಣ್ಣ ಹಾಕಿದ್ದೆ.

ಎರಡನೇ ಪುಟ ತಿರುಗಿಸುವಷ್ಟರಲ್ಲಿ ಯಾರೋ "ಇದು ಚಿನ್ನಿ!" ಎಂದು ಕೂಗಿದರು. ಆಮೇಲೆ ಎಲ್ಲರೂ. ಮಕ್ಕಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಗುರುತು ಹಿಡಿದ ಖುಷಿ ಅವರಿಗೆ. ಚಿನ್ನಿ ಮಾತ್ರ ರಿಬ್ಬನ್ ಬಿಚ್ಚಿ ಕೈಯಲ್ಲಿ ಮುದುರಿಕೊಂಡಳು. ಮರುದಿನ ಪುಸ್ತಕ ಸಿಗಲಿಲ್ಲ. ಒಂದು ವಾರದ ಮೇಲೆ ಕಪಾಟಿನ ಹಿಂದೆ, ಗೋಡೆ ಸಂದಿಯಲ್ಲಿ ಸಿಕ್ಕಿತು. ಯಾರು ತುರುಕಿದ್ದು ಎಂದು ನಾನು ಕೇಳಲಿಲ್ಲ.

ಕಥೆ ಯಾಕೆ ಹೇಳುತ್ತೇವೆ? ಇದು ಬೇರೆ ಯಾರಿಗೋ ಆಗಿದ್ದು ಎಂಬ ದೂರ ಇರಲಿ ಎಂದು. ಆ ದೂರದಲ್ಲಿ ನಿಂತರೆ ಮಗುವಿಗೆ ತನ್ನದೇ ಕಷ್ಟವನ್ನು ನೋಡುವ ಧೈರ್ಯ ಬರುತ್ತದೆ. ನಾನು ಆ ದೂರವನ್ನೇ ತೆಗೆದುಹಾಕಿ, ಅವಳ ಮುಖವನ್ನು 25 ಮಕ್ಕಳ ಎದುರು ಹಿಡಿದಿದ್ದೆ. ಮೇಲಿಂದ ಚಪ್ಪಾಳೆ ಬೇರೆ. ಬಚ್ಚಲಿಗೆ ಹೋಗಿ ಬಂದದ್ದಕ್ಕೆ ಚಪ್ಪಾಳೆ ಬೇಕು ಎಂದು ಯಾವ ಮಗುವೂ ಕೇಳಿಲ್ಲ.

ಮಳೆಯ ದಿನ

ಸೆಪ್ಟೆಂಬರ್ ಮೊದಲ ವಾರ. ಜೋರು ಮಳೆ, ಹದಿನಾಲ್ಕೇ ಮಕ್ಕಳು ಬಂದಿದ್ದರು. ರಟ್ಟು ಹರಿದುಹೋದ ಒಂದು ಹಳೆ ಪುಸ್ತಕ ಕೈಗೆ ಸಿಕ್ಕಿತು, ಅದನ್ನೇ ಓದಲು ಕೂತೆ. ಚಿನ್ನಿಗಾಗಿ ಆರಿಸಿದ್ದಲ್ಲ ಎಂದು ಒತ್ತಿ ಹೇಳಬೇಕು. ಒಂದು ಬೆಕ್ಕಿನ ಮರಿ ಕೋಳಿ ಮುಚ್ಚುವ ಮಂಕರಿಯ ಹತ್ತಿರ ಆಡುತ್ತಿರುತ್ತದೆ. ಮಂಕರಿ ಮಗುಚಿ ಮೇಲೆ ಬೀಳುತ್ತದೆ. ಮುಂದಿನ ಪುಟ ಪೂರ್ತಿ ಕಪ್ಪು. ನಡುವೆ ಎರಡು ಕಣ್ಣು ಮಾತ್ರ. ಅಕ್ಷರವೇ ಇಲ್ಲ.

ನಾನು ಪುಟ ತಿರುಗಿಸಲು ಹೋದೆ. ಚಿನ್ನಿ ಮುಂದೆ ಬಂದು ಆ ಕಪ್ಪು ಪುಟದ ಮೇಲೆ ಅಂಗೈ ಇಟ್ಟಳು.

"ಅಮ್ಮಂಗೆ ಕೇಳ್ಸಲ್ಲ" ಅಂದಳು. "ವಾಲಗ ಇದೆ."

ಪುಸ್ತಕದಲ್ಲಿ ವಾಲಗ ಎಲ್ಲೂ ಇಲ್ಲ. ಹಿತ್ತಲು, ಮಂಕರಿ, ಬೆಕ್ಕು ಅಷ್ಟೇ. "ಇಲ್ಲಿ ವಾಲಗ ಎಲ್ಲಿದೆ ಪುಟ್ಟಾ?" ಎಂದು ತಿದ್ದುವ ಮಾತು ನಾಲಿಗೆ ತುದಿಗೆ ಬಂದಿತ್ತು. ಟೀಚರ್ ಆದವರಿಗೆ ಆ ಚಟ ಬೇಗ ಹೋಗುವುದಿಲ್ಲ. ಅವತ್ತು ಹೇಗೋ ತಡೆದುಕೊಂಡೆ. ಅವಳ ಮಾತನ್ನೇ ವಾಪಸ್ ಹೇಳಿದೆ. "ಓ, ವಾಲಗ ಇದೆ."

"ಹೂಂ. ಚಿಲಕ ಬರಲ್ಲ."

"ಚಿಲಕ ಬರಲ್ಲ."

"ಅಕ್ಕಂಗೂ ಬರಲ್ಲ." ಇಷ್ಟು ಹೇಳಿ ಕೈ ತೆಗೆದಳು. ನಾನು ಪುಟ ತಿರುಗಿಸಿದೆ. ತಾಯಿ ಬೆಕ್ಕು ಬಂತು, ಮಂಕರಿ ಎತ್ತಿತು. "ಇನ್ನೊಂದ್ಸಲ" ಅಂದಳು. ಅವತ್ತು ಮೂರು ಸಲ ಓದಿದೆ. ಮೂರು ಸಲವೂ ಕಪ್ಪು ಪುಟದಲ್ಲಿ ಅವಳ ಕೈ ಬಂದು ನಿಂತಿತು.

ಚಿತ್ರಪುಸ್ತಕ ಓದುವಾಗ ಮಗುವಿಗೆ ಮಾತಾಡಲು ಬಿಟ್ಟು, ಅದು ಹೇಳಿದ್ದನ್ನು ನಾವು ಮತ್ತೆ ಹೇಳಿ, ಸ್ವಲ್ಪ ಬೆಳೆಸುವ ಕ್ರಮವೊಂದಿದೆ. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಯವರು ಇದನ್ನು ಪ್ರಯೋಗ ಮಾಡಿ 1988ರಲ್ಲಿ ಬರೆದರು. ಹೀಗೆ ಒಂದು ತಿಂಗಳು ಓದಿಸಿಕೊಂಡ ಪುಟ್ಟ ಮಕ್ಕಳು ಮಾತಿನಲ್ಲಿ ಮುಂದಿದ್ದರು ಎಂಬುದು ಅದರ ಸಾರ. ನಾನು ಅದನ್ನು ಭಾಷೆ ಕಲಿಸುವ ಉಪಾಯ ಎಂದಷ್ಟೇ ತಿಳಿದಿದ್ದೆ. ಮಗು ಹೇಳಿದ ಮಾತನ್ನು ವಾಪಸ್ ಹೇಳುವುದೆಂದರೆ "ನಿನ್ನ ಮಾತು ನನಗೆ ಕೇಳಿಸಿತು, ಮುಂದೆ ಹೇಳು" ಅಂದ ಹಾಗೆ ಎಂದು ಅರ್ಥವಾದದ್ದು ಆ ಮಳೆಯ ದಿನ.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಅವರಿಗೆ ಏನೂ ಗೊತ್ತಿರಲಿಲ್ಲ. ರಾತ್ರಿ ಅವರೇ ತಿರುಗಿ ಮಾಡಿದರು, ದನಿ ನಡುಗುತ್ತಿತ್ತು. ಮೇ ತಿಂಗಳಲ್ಲಿ ನೆಂಟರ ಮದುವೆ, ಒಂದು ಕಲ್ಯಾಣ ಮಂಟಪದಲ್ಲಿ. ದೊಡ್ಡಪ್ಪನ ಏಳು ವರ್ಷದ ಮಗಳ ಜೊತೆ ಚಿನ್ನಿ ಬಚ್ಚಲಿಗೆ ಹೋಗಿದ್ದಾಳೆ. ದೊಡ್ಡವಳು ಚಿಲಕ ಹಾಕಿದ್ದಾಳೆ, ತೆಗೆಯಲು ಬಂದಿಲ್ಲ. ಅದೇ ಹೊತ್ತಿಗೆ ಧಾರೆ, ಗಟ್ಟಿಮೇಳ. ಇಬ್ಬರೂ ಕೂಗಿದ್ದು ಯಾರಿಗೂ ಕೇಳಿಲ್ಲ. ಪಾತ್ರೆ ತೊಳೆಯುವ ಹೆಂಗಸೊಬ್ಬರು ಹೊರಗಿನಿಂದ ಬಾಗಿಲು ಒದ್ದು ತೆಗೆಸಿದ್ದಾರೆ. ಬೈಯುತ್ತಾರೆ ಎಂದು ದೊಡ್ಡವಳು ಯಾರಿಗೂ ಹೇಳಿಲ್ಲ. ಅಳುತ್ತಿದ್ದ ಚಿನ್ನಿಗೆ ಅಜ್ಜಿ ಹಸಿವಾಗಿದೆ ಎಂದು ಪಾಯಸ ತಿನ್ನಿಸಿದ್ದಾರೆ. ಹತ್ತು ನಿಮಿಷವೋ ಇಪ್ಪತ್ತೋ, ಲೆಕ್ಕ ಯಾರ ಹತ್ತಿರವೂ ಇಲ್ಲ. ಮನೆಯ ಬಚ್ಚಲಿಗೆ ಅವಳು ಬಾಗಿಲು ತೆರೆದೇ ಹೋಗುತ್ತಿದ್ದಳು. ಹಾಗಾಗಿ ಅಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ.

ಬಾಗಿಲ ಹತ್ತಿರ

ಮರುದಿನ ಮಕ್ಕಳು ಬರುವ ಮುಂಚೆ ನಾನು ಆ ಪಾಯಿಖಾನೆಗೆ ಹೋಗಿ, ಬಾಗಿಲು ಹಾಕಿ, ಕುಕ್ಕರಗಾಲಲ್ಲಿ ಕೂತೆ. ಚಿನ್ನಿಯ ಎತ್ತರಕ್ಕೆ ಬಾಗಿಲು ಎಷ್ಟು ದೊಡ್ಡದು! ಮಳೆಗೆ ಮರ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಹೊರಗೆ ಬರುವಾಗ ಭುಜ ಕೊಟ್ಟು ತಳ್ಳಬೇಕಾಯಿತು. ದಿನಾ ತಳ್ಳುತ್ತಲೇ ಇದ್ದೆ, ಅಭ್ಯಾಸವಾಗಿ ಗಮನಕ್ಕೆ ಬಂದಿರಲಿಲ್ಲ. ಅವಳ ಭಯ ಮೇ ತಿಂಗಳದ್ದು ಮಾತ್ರ ಅಲ್ಲ. ನಮ್ಮ ಬಾಗಿಲು ಅದನ್ನು ದಿನಾ ನೆನಪು ಮಾಡುತ್ತಿತ್ತು.

ಬಡಗಿಯನ್ನು ಕರೆಸಿ ಬಾಗಿಲ ಅಂಚು ಕೆತ್ತಿಸಿದೆವು. ಮಕ್ಕಳ ಬಾಗಿಲಿಗೆ ಒಳಚಿಲಕವೇ ಬೇಡ ಎಂದು ತೆಗೆಸಿದೆವು. ಹಗಲಲ್ಲಿ ಬಾಗಿಲು ತೆರೆದೇ ಇಟ್ಟು ಒಂದು ಪರದೆ ಕಟ್ಟಿದೆವು, ನೆಲದಿಂದ ಒಂದು ಗೇಣು ಮೇಲೆ. ಒಳಗಿರುವ ಮಗುವಿಗೆ ಹೊರಗೆ ಆಯಮ್ಮ ನಿಂತಿರುವುದು ಕಾಣಬೇಕು. ಒಟ್ಟು ಖರ್ಚು ಸಾವಿರ ರೂಪಾಯಿ ದಾಟಲಿಲ್ಲ.

ಇಲ್ಲಿ ನನಗೂ ಜೊತೆಯ ಟೀಚರ್‌ಗೂ ಮಾತು ಬಂತು. "ಬಾಗಿಲು ಮೊದಲೇ ಸರಿ ಮಾಡಿದ್ದರೆ ಪುಸ್ತಕವೇ ಬೇಕಿರಲಿಲ್ಲ" ಎಂದು ಅವರು. ಅರ್ಧ ಒಪ್ಪುತ್ತೇನೆ. ಬಾಗಿಲು ಸರಿ ಮಾಡದೆ ನೂರು ಪುಸ್ತಕ ಓದಿದ್ದರೂ ಅದು ಮೋಸವೇ ಆಗುತ್ತಿತ್ತು. ಭಯಪಡಲು ಕಾರಣ ಇರುವಾಗ ಭಯಪಡಬೇಡ ಎಂದು ಹೇಳಿಕೊಟ್ಟ ಹಾಗೆ. ಆದರೆ ಬಲ್ಬು, ಜಿರಳೆ ಎಂದು ಎರಡು ತಿಂಗಳು ಅಲೆದ ನಮಗೆ ಬಾಗಿಲು ತೋರಿಸಿದ್ದು ಆ ಕಪ್ಪು ಪುಟವೇ.

ಬಾಗಿಲು ಸರಿಯಾದ ತಕ್ಷಣ ಅವಳು ಹೋಗಲಿಲ್ಲ. ಪರದೆ ಎತ್ತಿ ನೋಡುವುದು, ಚಿಲಕ ಇದ್ದ ಜಾಗದ ತೂತಿಗೆ ಬೆರಳು ತೂರಿಸುವುದು, ವಾಪಸ್ ಬರುವುದು. ಎರಡು ವಾರ ಹೀಗೇ ನಡೆಯಿತು. ಅಮ್ಮನ ಜೊತೆ ಮಾತಾಡಿ ಒಂದು ಮಧ್ಯದ ದಾರಿ ಮಾಡಿಕೊಂಡೆವು. ಹನ್ನೆರಡೂವರೆಗೆ ಅಜ್ಜಿ ಬಂದು ಮನೆಗೆ ಕರೆದುಕೊಂಡು ಹೋಗಿ, ಅಲ್ಲಿ ಬಚ್ಚಲಿಗೆ ಕಳಿಸಿ, ಮತ್ತೆ ಬಿಡುವುದು. ಮನೆ ಹತ್ತಿರವಿತ್ತು, ಅಜ್ಜಿಗೆ ಕಾಲು ಗಟ್ಟಿಯಿತ್ತು. ಸೋಂಕು ಮತ್ತೆ ಬರಬಾರದು ಎಂಬುದು ಮುಖ್ಯ, ಧೈರ್ಯ ನಿಧಾನವಾಗಿ ಬರಲಿ ಎಂದುಕೊಂಡೆವು.

ಆ ಹೊತ್ತಿಗೆ ಇನ್ನೊಂದು ಪುಸ್ತಕ ಮಾಡಿದೆವು. ಈ ಸಲ ಎಲ್ಲ ಮಕ್ಕಳೂ ಸೇರಿ. ಹೀರೋ ಯಾರೂ ಇಲ್ಲ, ಭಯ ಎಂಬ ಮಾತೂ ಇಲ್ಲ. ಒಂದು ಪುಟಕ್ಕೆ ಒಂದು ವಸ್ತು, ಅದರ ಒಂದು ಸದ್ದು. ನಲ್ಲಿ: ಟಪ್ ಟಪ್. ಬಕೆಟ್: ಬುಳ್ ಬುಳ್. ಪರದೆ: ಸರ್ರ್. ಆಯಮ್ಮನ ಬಳೆ: ಝಣ್. ಬಾಗಿಲಿಗೆ ಮೊದಲು ಕಿರ್ ಎಂದು ಬರೆದಿದ್ದೆವು. "ಈಗ ಕಿರ್ ಅನ್ನಲ್ಲ ಮಿಸ್" ಎಂದು ಮಕ್ಕಳೇ ಹೊಡೆದು ಹಾಕಿಸಿದರು. ಕೊನೆಯ ಪುಟ ಖಾಲಿ ಬಿಟ್ಟು, ಬೇಕಾದವರು ಬೇಕಾದ್ದು ಬರೆಯಿರಿ ಎಂದೆವು. ಚಿನ್ನಿ ಒಂದು ಗೆರೆ ಎಳೆದು, ಅದರ ಕೆಳಗೆ ಎರಡು ದೊಡ್ಡ ಪಾದ ಬರೆದಳು. ಪರದೆಯ ಕೆಳಗೆ ಕಾಣುವ ಆಯಮ್ಮನ ಕಾಲು.

ಆ ಪುಸ್ತಕ ಓದಿದಾಗ ಇನ್ನಿಬ್ಬರು ಮಕ್ಕಳು ಬಾಯಿಬಿಟ್ಟರು. ಒಬ್ಬನಿಗೆ ನೀರು ಸುರಿದಾಗ ಕಾಲಿಗೆ ಸಿಡಿಯುತ್ತದೆ ಎಂಬ ಅಸಹ್ಯ. ಇನ್ನೊಬ್ಬಳಿಗೆ ಪ್ಯಾನಿನೊಳಗೆ ಕಾಲು ಜಾರುತ್ತದೆ ಎಂಬ ಭಯ. ಇಬ್ಬರೂ ನಕ್ಷತ್ರ ಪಡೆದವರು! ಹೋಗುತ್ತಿದ್ದರು, ಆದರೆ ಸಂಕಟಪಟ್ಟುಕೊಂಡು ಹೋಗುತ್ತಿದ್ದರು. ನಮಗೆ ಗೊತ್ತೇ ಇರಲಿಲ್ಲ.

ಆದದ್ದು

ದಸರಾ ರಜೆ ಮುಗಿದ ವಾರ, ಒಂದು ಗುರುವಾರ, ಚಿನ್ನಿ ಆಯಮ್ಮನ ಸೆರಗು ಎಳೆದು "ಸುಸ್ಸು" ಅಂದಳು. ಆಯಮ್ಮ ಹೊರಗೆ ನಿಂತು ಪೂರ್ತಿ ಹೊತ್ತು ಹಾಡುತ್ತಿದ್ದರು. ನಾವ್ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತಳು.

ನವೆಂಬರ್‌ನಲ್ಲಿ ಆಯಮ್ಮ ಒಂದು ವಾರ ರಜೆ ಹಾಕಿದರು. ಚಿನ್ನಿ ಮತ್ತೆ ನೀರು ಕುಡಿಯುವುದನ್ನು ಬಿಟ್ಟಳು. ಅಜ್ಜಿ ಮತ್ತೆ ಹನ್ನೆರಡೂವರೆಗೆ ಬಂದರು. ಇದನ್ನು ಮೊದಲೇ ಯೋಚಿಸಬೇಕಿತ್ತು. ಒಬ್ಬರ ಮೇಲೇ ನಂಬಿಕೆ ಕಟ್ಟಿದ್ದೆವು. ಆಮೇಲೆ ನಾವಿಬ್ಬರೂ ಸರದಿ ಮೇಲೆ ಪರದೆಯ ಹೊರಗೆ ನಿಲ್ಲಲು ಶುರು ಮಾಡಿದೆವು. ಡಿಸೆಂಬರ್ ಹೊತ್ತಿಗೆ ದಿನಕ್ಕೆ ಎರಡು ಸಲ ಹೋಗುತ್ತಿದ್ದಳು, ಬಾಟಲಿ ಅರ್ಧಕ್ಕಿಂತ ಜಾಸ್ತಿ ಖಾಲಿಯಾಗುತ್ತಿತ್ತು. ಎರಡಕ್ಕೆ ಮಾತ್ರ ವರ್ಷಪೂರ್ತಿ ಶಾಲೆಯಲ್ಲಿ ಹೋಗಲಿಲ್ಲ. ಅದನ್ನು ನಾವು ಒತ್ತಾಯಿಸಲಿಲ್ಲ. ಸೋಂಕು ಮತ್ತೆ ಬರಲಿಲ್ಲ.

ಪುಸ್ತಕ ಆರಿಸುವವರಿಗೆ ಒಂದೆರಡು ಮಾತು ಹೇಳಬೇಕು. ಮಗು ತಡೆದುಕೊಳ್ಳುತ್ತಿದೆ ಎಂದಾದರೆ ಮೊದಲು ಡಾಕ್ಟರು, ಆಮೇಲೆ ಪುಸ್ತಕ. ನಾವು ಜ್ವರ ಬರುವ ತನಕ ಕಾದದ್ದು ತಪ್ಪು.

ಇನ್ನೊಂದು, ಪ್ರಾಣಿಗಳ ಕಥೆಯ ವಿಷಯ. ಕೆನಡಾದ ಟೊರೊಂಟೊದಲ್ಲಿ 4ರಿಂದ 6 ವರ್ಷದ ಮಕ್ಕಳ ಜೊತೆ ಮಾಡಿದ, 2017ರಲ್ಲಿ ಹೊರಬಂದ ಒಂದು ಅಧ್ಯಯನ ನನಗೆ ಗೊತ್ತಿತ್ತು. ಹಂಚಿಕೊಳ್ಳುವ ಕಥೆಯಲ್ಲಿ ಮನುಷ್ಯರಿದ್ದಾಗ ಮಕ್ಕಳು ಆಮೇಲೆ ತಮ್ಮ ಸ್ಟಿಕ್ಕರ್ ಹೆಚ್ಚು ಹಂಚಿದರು, ಬಟ್ಟೆ ತೊಟ್ಟ ಪ್ರಾಣಿಗಳಿದ್ದಾಗ ಹಾಗಾಗಲಿಲ್ಲ. ಅದನ್ನು ಓದಿಯೇ ನಾನು ಪ್ರಾಣಿ ಬೇಡ, ಹುಡುಗಿಯನ್ನೇ ಬರೆಯೋಣ ಎಂದುಕೊಂಡದ್ದು. ನಡತೆ ಹೇಳಿಕೊಡುವಾಗ ಆ ಮಾತು ಸರಿ ಇರಬಹುದು. ಚಿನ್ನಿಗೆ ಬೇಕಿದ್ದದ್ದು ಪಾಠವಲ್ಲ, ಮಾತಾಡಲು ಒಂದು ಜಾಗ. ಅದಕ್ಕೆ ಬೆಕ್ಕಿನ ಮರಿ ಸಾಕಾಯಿತು. ಈಗ ಒಂದು ಮಗುವಿನ ಕಷ್ಟಕ್ಕೆ ಅದೇ ಹೆಸರಿನ ಪುಸ್ತಕ ಹುಡುಕುವುದನ್ನು ಬಿಟ್ಟಿದ್ದೇನೆ. ಸಿಕ್ಕಿಹಾಕಿಕೊಂಡದ್ದು, ಕಳೆದುಹೋದದ್ದು, ಕೂಗಿದರೂ ಕೇಳಿಸದ್ದು, ಬಿದ್ದು ಎದ್ದದ್ದು, ಹೀಗೆ ಬೇರೆ ಬೇರೆ ಹತ್ತು ಪುಸ್ತಕ ಓದುತ್ತೇನೆ. ಯಾವ ಪುಟದಲ್ಲಿ ಮಗುವಿನ ಕೈ ಬಂದು ನಿಲ್ಲುತ್ತದೆ ಎಂದು ಕಾಯುತ್ತೇನೆ. ಸಿಕ್ಕಿದ ಮೇಲೂ "ನಿನಗೂ ಹೀಗಾಗಿತ್ತಾ?" ಎಂದು ಕೇಳುವುದಿಲ್ಲ. ಕೇಳಿದರೆ ಮಾತು ಮುಚ್ಚಿಹೋಗುತ್ತದೆ.

ಮಾರ್ಚ್‌ನಲ್ಲಿ ಚಿನ್ನಿಯ ಅಮ್ಮ ಸದ್ದಿನ ಪುಸ್ತಕವನ್ನು ಎರಡು ದಿನಕ್ಕೆ ಕೇಳಿ ತೆಗೆದುಕೊಂಡು ಹೋದರು. ಮನೆಯಲ್ಲಿ ಇನ್ನೊಂದು ಮದುವೆ ಇತ್ತು. ವಾಪಸ್ ಕೊಡುವಾಗ ಹೇಳಿದರು: ಮಂಟಪದ ಬಚ್ಚಲಿಗೆ ಹೋಗುವ ಮುಂಚೆ ಚಿನ್ನಿ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದಳಂತೆ. ಆಮೇಲೆ ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿ, ಒಳಗಿನಿಂದ ಕೂಗಿದಳಂತೆ. "ಅಜ್ಜೀ, ಇನ್ನೂ ಹತ್ರ ಬಾ. ಕಾಲು ಕಾಣ್ತಿಲ್ಲ."